ಎಡದಿಂದ ಮೂರನೆಯ ಸೀಸೆ

ಮನೆ ಪಾಲಾದಾಗ ಒಲೆ ಎರಡಾದವು, ಪಾತ್ರೆಗಳು ಹಂಚಿಹೋದವು, ಹಸುಗಳೂ ಆಚೆಗೊಂದು ಈಚೆಗೊಂದಾದವು. ಹಂಚಲಾಗದೆ ಉಳಿದದ್ದು ಉಪ್ಪಿನ ಕೆಲಸ. ಕೆರೆಯ ದಾರಿಯ ಲಾಡ್ಜಿನಲ್ಲಿ ಇಳಿದವರು ಬಿಸಿನೀರಿನ ತೊಟ್ಟಿಗೆ ಹಾಕಿಕೊಂಡು ಸ್ನಾನ ಮಾಡುವ ಪರಿಮಳದ ಉಪ್ಪು ಅದು. ಹನ್ನೊಂದು ವರ್ಷದ ಹಿಂದೆ ದೊಡ್ಡ ಸೊಸೆ ಅದನ್ನು ಶುರುಮಾಡಿದಾಗ ಅತ್ತೆ, "ಉಪ್ಪುನೀರಲ್ಲಿ ನೆನೆಯೋಕೆ ಅವರೇನು ಉಪ್ಪಿನಕಾಯಿಯೇನೇ?" ಎಂದು ನಕ್ಕಿದ್ದರು. ಆಮೇಲೆ ಚಿಕ್ಕ ಸೊಸೆ ಬಂದಳು. ಅಕ್ಕನ ಪಕ್ಕದಲ್ಲಿ ಕೂತು ಕಲಿತಳು.

ಮಾವ ಒಂದು ದಾರಿ ಹೇಳಿದರು. "ಇಬ್ರೂ ಒಂದೊಂದು ಜಾಡಿ ಮಾಡಿ. ಲಾಡ್ಜಿನಮ್ಮ ಮೂಸಿ ನೋಡ್ಲಿ. ಯಾರದನ್ನ ಒಪ್ತಾರೋ ಕೆಲಸ ಅವಳದು. ಇನ್ನೊಬ್ಬಳು ಬೇಕಾದ್ರೆ ಅವಳ ಕೈಕೆಳಗೆ ಮಾಡ್ಲಿ."

ಕಳೆದ ಚಳಿಗಾಲದ ಜ್ವರ ಬಿಟ್ಟು ಹೋಗುವಾಗ ದೊಡ್ಡ ಸೊಸೆಯ ಮೂಗನ್ನೂ ಕೊಂಡೊಯ್ದಿತ್ತು. ಹೂವಿನ ವಾಸನೆಯೂ ಇಲ್ಲ, ಸಗಣಿಯದೂ ಇಲ್ಲ. ಗಂಡನಿಗೂ ಅವಳು ಹೇಳಿರಲಿಲ್ಲ. ಆದರೆ ಒಂದು ದಿನ ಹಾಲು ಸೀದು ಮನೆಯೆಲ್ಲ ಕಮಟು ತುಂಬಿದ್ದರೂ ಒಲೆಯ ಪಕ್ಕದಲ್ಲೇ ಬೆನ್ನು ಹಾಕಿ ಕೂತಿದ್ದಳು. ಓಡಿ ಬಂದು ಪಾತ್ರೆ ಇಳಿಸಿದವಳು ಚಿಕ್ಕವಳು. ಸೀದ ಪಾತ್ರೆಯನ್ನೂ ಅವಳೇ ಉಜ್ಜಿಟ್ಟಳು.

ಎಂಟು ತಿಂಗಳು ಹಾಗೇ ಸಾಗಿತ್ತು. ಪರಿಮಳದ ಎಣ್ಣೆಯ ಸೀಸೆಗಳೆಲ್ಲ ಒಂದೇ ಕಂದು ಬಣ್ಣದವು. ಮೂಸಿದರೆ ತಿಳಿಯುತ್ತಿದ್ದುದರಿಂದ ಅವಳು ಎಂದೂ ಚೀಟಿ ಅಂಟಿಸಿರಲಿಲ್ಲ. ಈಗ ಜಾಗ ನೋಡಿ ತೆಗೆಯುತ್ತಿದ್ದಳು: ಎಡದಿಂದ ಮೂರನೆಯದು ಲ್ಯಾವೆಂಡರ್. ಹನಿ ಎಣಿಸಿ ಬಿಡುತ್ತಿದ್ದಳು. ಕಲಸಿ ಆದಮೇಲೆ ಮೇಷ್ಟ್ರು ಮಗ್ಗಿ ಕೇಳುವ ಧಾಟಿಯಲ್ಲಿ, "ಹೇಗಿದೆ, ಹೇಳು ನೋಡೋಣ" ಎಂದು ಚಿಕ್ಕವಳ ಮುಂದೆ ಹಿಡಿಯುತ್ತಿದ್ದಳು. ಚಿಕ್ಕವಳು ಮೂಸಿ, "ಸ್ವಲ್ಪ ತೆಳುವಾಯ್ತು ಅಕ್ಕ" ಎಂದರೆ, "ಹೂಂ, ಪರವಾಗಿಲ್ಲ, ಕಲ್ತಿದೀಯ" ಎಂದು ಎರಡು ಹನಿ ಹೆಚ್ಚು ಬಿಡುತ್ತಿದ್ದಳು.

ಪರೀಕ್ಷೆಯ ಜಾಡಿಯನ್ನೂ ಹಾಗೇ ಮಾಡಿದಳು. ಕಲ್ಲುಪ್ಪನ್ನು ಬಟ್ಟೆಯ ಮೇಲೆ ಹರಡಿ ಎರಡು ಬಿಸಿಲು ಕೊಟ್ಟಳು. ಎಣ್ಣೆಯನ್ನು ನೇರವಾಗಿ ಉಪ್ಪಿಗೆ ಸುರಿದರೆ ತಳಕ್ಕೆ ಇಳಿದುಬಿಡುತ್ತದೆ. ಅದಕ್ಕೆ ಮೊದಲು ಅಡುಗೆ ಸೋಡಾದಲ್ಲಿ ಹನಿ ಬಿಟ್ಟು, ಬೆರಳ ತುದಿಯಲ್ಲಿ ಗಂಟಿಲ್ಲದಂತೆ ಉಜ್ಜಿ, ಆಮೇಲೆ ಉಪ್ಪಿಗೆ ಬೆರೆಸಿದಳು. ಬೇಲಿಯ ಗುಲಾಬಿ ಎಸಳು ಬೆರಳಲ್ಲಿ ಪುಡಿಯಾಗುವಷ್ಟು ಒಣಗಿದೆಯೇ ಎಂದು ಒತ್ತಿ ನೋಡಿ ಹಾಕಿದಳು. ಈ ಒಂದನ್ನು ಚಿಕ್ಕವಳು ಕಲಿತಿರಲಿಲ್ಲ. ಅವಸರದ ಹೆಣ್ಣು, ಕಣ್ಣಿಗೆ ಒಣಗಿದಂತೆ ಕಂಡರೆ ಸಾಕು ಅವಳಿಗೆ.

ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಚಿಕ್ಕವಳ ಬಳಿಗೆ ಜಾಡಿ ಹಿಡಿದು ಹೋದಳು. ಬೇರೆ ಯಾರನ್ನು ಕೇಳಿದರೂ ಗುಟ್ಟು ಬಯಲಾಗುತ್ತಿತ್ತು.

"ಹೇಗಿದೆ, ಹೇಳು ನೋಡೋಣ."

ಚಿಕ್ಕವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿ ಮೂಸಿದಳು. ಅಕ್ಕನ ಮುಖ ನೋಡಿದಳು. ಇನ್ನೊಮ್ಮೆ ಮೂಸಿದಳು.

"ಚೆನ್ನಾಗಿದೆ ಅಕ್ಕ."

ಮರುದಿನ ಬೆಳಿಗ್ಗೆ ಲಾಡ್ಜಿನಮ್ಮ ಜಗಲಿಯ ಮೇಲೆ ಕೂತು ಚಿಕ್ಕವಳ ಜಾಡಿ ತೆರೆದು ತಲೆದೂಗಿದರು. ದೊಡ್ಡವಳದನ್ನು ತೆರೆದವರೇ ತಲೆ ಹಿಂದಕ್ಕೆ ಎಳೆದುಕೊಂಡರು.

"ಇದೇನಮ್ಮ, ಸ್ನಾನಕ್ಕೋ ಹಲ್ಲುನೋವಿಗೋ? ಬರೀ ಲವಂಗದ ಎಣ್ಣೆ!"

ಅತ್ತೆ ಕೆನ್ನೆಯ ಮೇಲೆ ಕೈಯಿಟ್ಟರು. "ಅಯ್ಯೋ! ಮೊನ್ನೆ ಹಲ್ಲಿಗೆ ಅಂತ ಆ ಸೀಸೆ ತೆಗೆದವಳು ನಾನೇ. ವಾಪಸ್ ಎಲ್ಲಿ ಇಟ್ನೋ ಏನೋ."

"ಎಲ್ಲಿಟ್ರೇನು? ಮೂಗಿಗೆ ಬಡಿಯೋ ಅಂಥ ವಾಸನೆ ಇವ್ರಿಗೆ ಗೊತ್ತಾಗ್ಲಿಲ್ವಾ?" ಎಂದರು ಲಾಡ್ಜಿನಮ್ಮ.

ಚಿಕ್ಕವಳೇ ನೆಲ ನೋಡುತ್ತ, ಮರುಕದ ದನಿಯಲ್ಲಿ ಹೇಳಿದಳು: "ಅಕ್ಕಂಗೆ ಮೂಗು ಹೋಗಿ ಎಂಟು ತಿಂಗಳಾಯ್ತು."

ಗಂಡ ಹೆಂಡತಿಯ ಕಡೆ ತಿರುಗಿ ನೋಡಿದ. ಮಾವ ಎದ್ದು ಕೊಟ್ಟಿಗೆಗೆ ಹೋದರು. ಅವರು ಎದ್ದದ್ದೇ ತೀರ್ಪಾಯಿತು.

ಮಧ್ಯಾಹ್ನ ಸೀಸೆಗಳ ಹಲಗೆಯನ್ನು ಚಿಕ್ಕವಳ ಪಾಲಿಗೆ ಸಾಗಿಸುವಾಗ ಇಬ್ಬರೇ ಇದ್ದರು.

"ನಿನ್ನ ಕೇಳಿದ್ನಲ್ಲೇ."

"ನೀವು ಪರೀಕ್ಷೆ ಮಾಡ್ತಿದೀರ ಅಂದ್ಕೊಂಡೆ ಅಕ್ಕ. ಯಾವಾಗ್ಲೂ ಮಾಡ್ತಿದ್ರಲ್ಲ."

"ಪರೀಕ್ಷೇಲಿ ಬೇಕಂತ ತಪ್ಪು ಹೇಳ್ತಾರೇನೇ?"

"ಒಂದ್ಸಲ ಫೇಲಾದೆ ಅಂದ್ಕೊಳ್ಳಿ." ಚಿಕ್ಕವಳು ನಗಲಿಲ್ಲ. ಸೀಸೆಗಳನ್ನು ಒಂದೊಂದಾಗಿ ಮೂಸಿ, ತಂದಿದ್ದ ಚೀಟಿಗಳನ್ನು ಅಂಟಿಸಿದಳು.

ಎರಡು ವಾರ ಕಳೆದಿತ್ತು. ಮರುದಿನವೇ ಲಾಡ್ಜಿಗೆ ನಲವತ್ತು ಜಾಡಿ ಹೋಗಬೇಕಿತ್ತು. ದೊಡ್ಡ ಸೊಸೆ ದಿನವೂ ಹೋಗಿ ಉಪ್ಪು ಒಣಗಿಸಿ, ಜರಡಿ ಹಿಡಿದು ಕೊಡುತ್ತಿದ್ದಳು. ಮನೆಯಲ್ಲಿ ಸುಮ್ಮನೆ ಕೂತರೆ ಗಂಡ, "ಈಗ ಏನಾದ್ರೂ ವಾಸನೆ ಬರ್ತಿದ್ಯಾ?" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದ.

ಸೋಡಾ ಬೆರೆತ ಉಪ್ಪು ಸಿದ್ಧವಾಗಿತ್ತು. ಚಿಕ್ಕವಳು ಗುಲಾಬಿ ಎಸಳಿನ ಮೊರವನ್ನು ತಂದು ಅವಳ ಮುಂದಿಟ್ಟಳು.

"ಮುಟ್ಟಿ ಹೇಳಿ ಅಕ್ಕ, ಒಣಗಿದ್ಯಾ? ಇದಕ್ಕೆ ಮೂಗು ಬೇಕಾಗಿಲ್ವಲ್ಲ."

ದೊಡ್ಡವಳು ಮೊರದ ನಡುವಿನಿಂದ ಒಂದು ಎಸಳು ತೆಗೆದು ಹೆಬ್ಬೆರಳಲ್ಲಿ ಒತ್ತಿದಳು. ಅದು ಪುಡಿಯಾಗಲಿಲ್ಲ. ಮಡಚಿತು, ಬಿಟ್ಟಾಗ ಮೆಲ್ಲಗೆ ಬಿಚ್ಚಿಕೊಂಡಿತು. ಇನ್ನೂ ಎರಡು ದಿನದ ಪಸೆ ಇತ್ತು. ಹೀಗೇ ಮುಚ್ಚಿಟ್ಟರೆ ಹತ್ತೇ ದಿನದಲ್ಲಿ ಉಪ್ಪು ಗಟ್ಟಿಯಾಗಿ, ಎಸಳು ಕಪ್ಪಾಗಿ, ಮುಚ್ಚಳದಡಿಯಲ್ಲಿ ಬೂಷ್ಟು ಕೂರುತ್ತದೆ. ಅವಳು ಇನ್ನೊಂದು ಎಸಳು ತೆಗೆದಳು. ಅದನ್ನೂ ಒತ್ತಿದಳು.

"ಚೆನ್ನಾಗಿದೆ ಕಣೆ" ಎಂದಳು.

ಚಿಕ್ಕವಳು ಮೊರ ಎತ್ತಿ ಸುರಿದಳು. ದೊಡ್ಡವಳು ತುಂಬಿದ ಜಾಡಿಗಳನ್ನು ಒಂದೊಂದಾಗಿ ತನ್ನ ಕಡೆ ಎಳೆದುಕೊಂಡು, ಗಾಳಿಯಾಡದಂತೆ ಮುಚ್ಚಳ ಬಿಗಿದಳು.