ಬಿಡಿಸುವ ಗೋಡೆ

ಅಕ್ಕನ ಮ್ಯೂಸಿಯಂನಲ್ಲಿ ನೇತುಹಾಕುವ ಚಿತ್ರ ಒಂದೂ ಇರಲಿಲ್ಲ. ಇನ್ನೂರು ವರ್ಷ ಹಳೆಯ ಧಾನ್ಯದ ಉಗ್ರಾಣವನ್ನು ಸರ್ಕಾರ ಕಲಾವಿದೆಯಾದ ಅವಳಿಗೆ ಐದು ವರ್ಷಕ್ಕೆ ಬಿಟ್ಟುಕೊಟ್ಟಿತ್ತು. ಬಂದವರಿಗೆ ಒಂದು ಹಾಳೆ, ಒಂದು ಇದ್ದಿಲ ತುಂಡು. ಗೋಡೆಯ ಮುಂದೆ ಕೂತು ಕಂಡದ್ದನ್ನು ಅವರೇ ಚಿತ್ರ ಮಾಡಬೇಕು. ಮರುದಿನ ಬರುವವರಿಗೆ ಅದೇ ಪ್ರದರ್ಶನ.

"ಅಂದ್ರೆ ಟಿಕೆಟ್ ತಗೊಂಡೋರೇ ಕೆಲಸಾನೂ ಮಾಡ್ಬೇಕು," ಎಂದಿದ್ದೆ.

"ನಿನ್ನ ತಲೆಗೂ ಗಾರೆ ಮೆತ್ಕೊಂಡಿದೆ ಕಣೋ."

ಗಾರೆ ಕೆಲಸ ನನ್ನದು. ಹಳೆಯ ಕಟ್ಟಡಗಳೇ ಹೆಚ್ಚು. ಉಗ್ರಾಣದ ಒಂದು ಗೋಡೆ ಇದ್ದ ಹಾಗೇ ಇರಬೇಕು, ಕೈ ಹಚ್ಚಿದರೆ ಕಟ್ಟಡ ವಾಪಸ್ ಎಂಬ ಷರತ್ತಿತ್ತು. ಯಾವ ಗೋಡೆ ಎಂದು ನಾನು ಕೇಳಲಿಲ್ಲ. ಮಗಳಿಗೆ ಜ್ವರ, ಎರಡು ದಿನದಿಂದ ನಿದ್ದೆ ಇರಲಿಲ್ಲ. ದೀಪ ತರಲು ಹೊರಟ ಅಕ್ಕ, "ಕೋಣೆ ಕೋಣೇಲೂ ನೆಲದ ಮೇಲೆ ಬರ್ದಿದೀನಿ, ಓದ್ಕೊಂಡು ಮಾಡು," ಎಂದು ಹೋದಳು.

ಮೊದಲ ಕೋಣೆಯಲ್ಲಿ ಸೀಮೆಸುಣ್ಣದಲ್ಲಿ 'ತೊಳಿ' ಎಂದಿತ್ತು. ತೊಳೆದೆ. ಎರಡನೆಯದರಲ್ಲಿ 'ಸುಣ್ಣ'. ಮೂರನೆಯದರಲ್ಲಿ 'ಬಿರುಕು ಮುಚ್ಚು'. ನಾಲ್ಕನೆಯದರಲ್ಲಿ 'ಬಿಡಿಸುವ ಗೋಡೆ'. ಭುಜದೆತ್ತರಕ್ಕೆ ಉದ್ದಕ್ಕೂ ಎಣ್ಣೆ ಹಿಡಿದಂಥ ಕಪ್ಪು ಕಲೆಗಳಿದ್ದ ಗೋಡೆ ಅದು. ನಮ್ಮ ಕೆಲಸದಲ್ಲಿ ಬಿಡಿಸುವುದೆಂದರೆ ಕೆಟ್ಟ ಗಾರೆಯನ್ನು ಕಿತ್ತು ತೆಗೆಯುವುದು. ಉಳಿ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಕಲ್ಲು ಕಂಡಿತು. ಅಚ್ಚುಕಟ್ಟಾಗಿಯೇ ಮಾಡಿದ್ದೆ.

ಸಂಜೆ ಅಕ್ಕ ಬಂದು ಬಾಗಿಲಲ್ಲೇ ನಿಂತಳು. ಕೈಯಲ್ಲಿದ್ದ ದೀಪದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಮೂಟೆ ಹೊರೋರು ಸುಸ್ತಾದಾಗ ಇಲ್ಲಿ ಕೈ ಊರ್ತಿದ್ರು," ಎಂದಳು. "ಇನ್ನೂರು ವರ್ಷದ ಕೈ ಗುರುತು. ಜನ ಇದನ್ನ ನೋಡಿ ಬಿಡಿಸ್ಲಿ ಅಂತ."

"ಬಿಡಿಸು ಅಂತಾನೇ ಬರ್ದಿದ್ಯಲ್ಲ ಅಕ್ಕ."

"ಚಿತ್ರ ಬಿಡಿಸೋದು ಕಣೋ."

"ನಾವು ಗಾರೆ ಬಿಡಿಸ್ತೀವಿ."

ಅವಳು ಬಾಯಿಗೆ ಬಂದಂತೆ ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ. ನನಗೂ ಅಳು ಬರಲಿಲ್ಲ, ಹೊಟ್ಟೆ ಹಸಿದಿತ್ತು ಅಷ್ಟೆ.

"ಈ ಚೂರುಗಳನ್ನೇ ಗಾಜಿನ ಪೆಟ್ಟಿಗೇಲಿ ಇಟ್ರೆ? ಈಗಿನ ಕಲೆ ಅಂದ್ರೆ ಅಂಥದ್ದೇ ಅಲ್ವಾ?" ಎಂದೆ.

"ಅದು ಕಸ. ಚೀಲಕ್ಕೆ ತುಂಬು."

ತುಂಬಿದೆ. ಅವಳು ಚೀಲದ ಬಾಯಿ ಹಿಡಿದುಕೊಂಡಳು.

ಬೆಳಿಗ್ಗೆ ಸರ್ಕಾರದ ಅಧಿಕಾರಿ ತಪಾಸಣೆಗೆಂದು ಆ ಗೋಡೆಯ ಹಳೆಯ ಫೋಟೋ ಹಿಡಿದುಕೊಂಡು ಬಂದರು. ಫೋಟೋ ನೋಡಿದರು, ಕಲ್ಲು ನೋಡಿದರು, ಮತ್ತೆ ಫೋಟೋ ನೋಡಿದರು.

"ಯಾರು ಮಾಡಿದ್ದು ಇದು?"

ನನ್ನ ಹೆಸರು ಬರೆದುಕೊಂಡರೆ ಇನ್ನು ಯಾವ ಹಳೆಯ ಕಟ್ಟಡದ ಹೊಸ್ತಿಲನ್ನೂ ದಾಟುವಂತಿಲ್ಲ. ಹೇಳಬೇಕೆಂದೇ ಬಾಯಿ ತೆರೆದೆ. ಹೇಳುವ ಬದಲು ಬಗ್ಗಿ ಕಸದ ಚೀಲದ ಬಾಯಿ ಕಟ್ಟತೊಡಗಿದೆ.

"ನಾನು ಹೇಳಿ ಮಾಡಿಸಿದ್ದು," ಎಂದಳು ಅಕ್ಕ. "ಕೆಲಸದವರದ್ದೇನೂ ತಪ್ಪಿಲ್ಲ."

"ಷರತ್ತು ಗೊತ್ತಿತ್ತು ತಾನೇ ನಿಮಗೆ?"

"ಗೊತ್ತಿತ್ತು."

ಅವರು ಕಟ್ಟಡ ವಾಪಸ್ ಪಡೆಯುವ ಕಾಗದ ಮುಂದೆ ಚಾಚಿದರು. ಅಕ್ಕ ಕಿಟಕಿಯ ಕಟ್ಟೆಯ ಮೇಲಿಟ್ಟು ಸಹಿ ಹಾಕಿದಳು. ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು, ಅದರಲ್ಲಿದ್ದ ತನ್ನ ಮನೆಯ ಕೀಲಿಯನ್ನು ಉಗುರಿನಿಂದ ಕಷ್ಟಪಟ್ಟು ಬೇರೆ ಮಾಡಿ, ಉಳಿದದ್ದನ್ನು ಅವರ ಕೈಗಿಟ್ಟಳು.

"ಹಿಂದಿನ ಬಾಗಿಲು ಸ್ವಲ್ಪ ಬಿಗಿ ಸಾರ್," ಎಂದಳು. "ಎತ್ತಿ ಹಿಡ್ಕೊಂಡು ತಿರುಗಿಸ್ಬೇಕು."