ತಂದೆ ಕೊಟ್ಟ ಕಾಲು, ತಾಯಿ ಕೊಟ್ಟ ಶಿಸ್ತು

ಮೈಕಿನ ಸ್ಪಂಜಿನ ಮೇಲೆ ಯಾರದೋ ತುಟಿಬಣ್ಣ, ತೆಳು ಗುಲಾಬಿ, ವಿರಾಮದಲ್ಲಿ ಹಾಡಿದ ಹುಡುಗಿಯದೇ ಇರಬೇಕು, ಒರೆಸುವಷ್ಟು ತಾಳ್ಮೆಯೂ ಇಲ್ಲ ಇವರಿಗೆ — ಹದಿನಾಲ್ಕು ವರ್ಷ ಮಾಯೆಬಾಶಿಯ ಹೆಂಗಸರ ಫುಟ್‌ಬಾಲ್ ತಂಡದ ರಕ್ಷಣೆಯ ಸಾಲಿನ ನಡುವೆ ನಿಂತವಳನ್ನು ಬೀಳ್ಕೊಡುವಾಗ ಒಂದು ಸ್ಪಂಜು ಬದಲಿಸಬಾರದಿತ್ತೇ, ಎಂದುಕೊಂಡಳು ಶಿಹೊ, ಕೊನೆಯ ಪಂದ್ಯ ಮುಗಿದು ಹತ್ತು ನಿಮಿಷವಾಗಿದೆ, ಕಾಲ್ಚೀಲದೊಳಗೆ ಹುಲ್ಲಿನ ಚೂರು ಚುಚ್ಚುತ್ತಿದೆ, ಕೈಯಲ್ಲಿ ಕ್ಲಬ್ಬಿನ ಅಧ್ಯಕ್ಷ ಒಗುರೊ ಕೊಟ್ಟ ಭಾಷಣದ ಹಾಳೆ. ನೀವೇನೂ ತಲೆ ಕೆಡಿಸ್ಕೋಬೇಡಿ, ಎಲ್ಲಾ ಬರ್ಸಿದೀನಿ, ಸುಮ್ನೆ ಓದ್ಬಿಡಿ ಸಾಕು, ಅಂದಿದ್ದ, ದೊಡ್ಡ ಉಪಕಾರ ಮಾಡಿದವನ ಹಾಗೆ. ನಾಲ್ಕನೆಯ ಸಾಲು — ಘಾನಾದ ತಂದೆ ಕೊಟ್ಟ ಕಾಲು, ಜಪಾನಿನ ತಾಯಿ ಕೊಟ್ಟ ಶಿಸ್ತು, ಇವೆರಡೇ ನಾನು. ಇವೆರಡೇ ನಾನಂತೆ, ಅಂಗಡಿಯಲ್ಲಿ ಅರ್ಧ ಇದು ಅರ್ಧ ಅದು ತೂಗಿ ಕಟ್ಟಿಕೊಟ್ಟ ಹಾಗೆ. ಇದನ್ನು ಓದಿದರೆ ಮುಗಿಯಿತು, ಇಷ್ಟು ವರ್ಷ ಇವರು ಹೇಳುತ್ತಾ ಬಂದ ಸುಳ್ಳನ್ನು ಅವಳೇ ತನ್ನ ಬಾಯಿಂದ ನಿಜ ಮಾಡಿದಂತೆ. ಅಕ್ಕಾ, ಬೇಗ ಮುಗ್ಸಿ, ಮಾಂಸ ಸುಡೋ ಹೋಟ್ಲಲ್ಲಿ ಏಳಕ್ಕೆ ಮೇಜು ಹೇಳಿದೀವಿ, ಎಂದು ಬೆನ್ನ ಹಿಂದೆ ಸಾಲಾಗಿ ನಿಂತ ಹುಡುಗಿಯರಲ್ಲಿ ಯಾರೋ ಪಿಸುಗುಟ್ಟುತ್ತಾರೆ.

ಅಪ್ಪನ ಕಾಲು. ಅದನ್ನು ಇವರು ನೋಡಿದ್ದಾರೆಯೇ, ಅಗೋ ಮೇಲಿನ ಗ್ಯಾಲರಿಯ ಮೂರನೆಯ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದಾನೆ, ಅಲ್ಲಿಗೆ ಹತ್ತಲು ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಂಡವನು, ಚಪ್ಪಟೆ ಪಾದ, ಬಸ್ಸಿನ ಹಿಂದೆ ಒಂದು ದಿನವೂ ಓಡಿದವನಲ್ಲ, ಹೋದ್ರೆ ಹೋಗ್ಲಿ ಮಗಳೇ, ಇನ್ನೊಂದ್ ಬರುತ್ತೆ, ಎಂದು ನಿಲ್ದಾಣದ ಬೆಂಚಿನ ಮೇಲೆ ಗೆರೆ ಎಳೆದ ರಟ್ಟು ಹಾಸಿ, ಬಾಟಲಿ ಮುಚ್ಚಳಗಳನ್ನು ಜೋಡಿಸಿ, ಘಾನಾದ ತನ್ನೂರು ಕುಮಾಸಿಯಲ್ಲಿ ಗಂಡಸರು ಮರದಡಿ ಆಡುವ ದಾಮೆ ಆಟ ಕಲಿಸಿದವನು — ಮುಚ್ಚಳ ನೋಡ್ಬೇಡ, ನನ್ ಭುಜ ನೋಡು, ಕೈಗಿಂತ ಮುಂಚೆ ಅದು ಹೇಳ್ಬಿಡುತ್ತೆ. ಅಷ್ಟೇ ಅವಳ ಇಡೀ ವಿದ್ಯೆ, ಎದುರಾಳಿಯ ಭುಜ ನೋಡಿ ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಿಲ್ಲುವುದು, ಎಷ್ಟೋ ಸಲ ನಡೆದುಕೊಂಡೇ. ಟೀವಿಯವರಿಗೆ ಅದು ಚಿರತೆ. ನೋಡಿ ನೋಡಿ ಆ ವೇಗ, ರಕ್ತದಲ್ಲೇ ಇದೆ. ಮೃಗಾಲಯದ ಬೋನಿನಲ್ಲಿ ಮಲಗಿದ್ದನ್ನು ಬಿಟ್ಟರೆ ಚಿರತೆಯನ್ನೇ ಕಾಣದ ಜನ. ಶಾಲೆಯಲ್ಲಿ ಕೂದಲು ಗುಂಗುರು ಮಾಡಿಸಿಕೊಳ್ಳುವಂತಿಲ್ಲ, ಪ್ರತಿ ಏಪ್ರಿಲ್‌ನಲ್ಲೂ, ಮಗಳ ಗುಂಗುರು ಹುಟ್ಟಿನಿಂದ ಬಂದದ್ದೇ ಎಂದು ಅಮ್ಮ ಪತ್ರ ಬರೆದು ಮೊಹರು ಒತ್ತಬೇಕು — ಕೂದಲಿಗೆ ಸಾಕ್ಷಿ ಬೇಕು, ಕಾಲಿಗೆ ಬೇಡ. ಐವತ್ತು ಮೀಟರ್ ಓಟದಲ್ಲಿ ಅವಳಿಗೆ ಹಿಡಿದದ್ದು ಒಂಬತ್ತು ಸೆಕೆಂಡಿನ ಮೇಲೆ, ಮೇಷ್ಟ್ರು ಗಡಿಯಾರವನ್ನು ಅಲ್ಲಾಡಿಸಿದರು, ತಟ್ಟಿದರು, ನಾನೇ ಒತ್ತೋದು ತಡ ಮಾಡ್ದೆ ಕಣಮ್ಮ, ಇದು ನಿನ್ ಓಟ ಅಲ್ಲ, ಎಂದು ಒಂದು ಸೆಕೆಂಡು ಕಡಿಮೆ ಬರೆದುಕೊಂಡರು. ಆ ಒಂದು ಸೆಕೆಂಡು ಅವಳಿಗಿಂತ ಮುಂದೆ ಮುಂದೆ ಓಡಿತು, ರಾಷ್ಟ್ರೀಯ ತಂಡದವರೆಗೂ, ಅಲ್ಲಿ ನಡುವೆ ನಿಲ್ಲಿಸದೆ ಅಂಚಿಗೆ ಹಾಕಿದರು, ಉದ್ದನೆಯ ಚೆಂಡುಗಳ ಹಿಂದೆ ಓಡು ಎಂದರು, ಆರು ಪಂದ್ಯ ಓಡಿದಳು, ಆರರಲ್ಲೂ ಹಿಂದೆ ಬಿದ್ದಳು, ಇವ್ಳು ಯಾವ್ದೋ ನೋವು ಮುಚ್ಚಿಡ್ತಿದಾಳೆ, ಇಲ್ದಿದ್ರೆ ಇಷ್ಟ್ ನಿಧಾನ ಹೇಗೆ ಸಾಧ್ಯ, ಎಂದು ಮನೆಗೆ ಕಳಿಸಿದರು. ಮಂಡಿಯ ಎಕ್ಸ್‌ರೇ ತೆಗೆಸಿದರು, ಸೊಂಟದ್ದೂ ತೆಗೆಸಿದರು. ನೀನು ಎಲ್ಲಿ ನಿಂತರೆ ಸರಿ ಎಂದು ಒಬ್ಬನೂ ಕೇಳಲಿಲ್ಲ.

ಮೈಕು ಕಿರ್ರೆನ್ನುತ್ತದೆ, ಒಗುರೊ ತಲೆಯಾಡಿಸುತ್ತಾನೆ, ಓದಿ ಓದಿ ಎಂಬಂತೆ, ಮೂರು ಸಾಲು ಓದಿದಳು, ಮೂರೂ ಧನ್ಯವಾದ, ನಾಲ್ಕನೆಯದಕ್ಕೆ ಬಂದು ಹಾಳೆ ಮಡಚಿದಳು. ನಾನು ನಿಧಾನ, ಅಂದಳು, ಶುರುವಿಂದ್ಲೂ ನಿಧಾನಾನೇ, ಈ ತಂಡದಲ್ಲಿ ಎಲ್ಲರಿಗಿಂತ ನಿಧಾನ, ಮೊದಲೇ ನೋಡ್ತಿದ್ದೆ, ಅಷ್ಟೇ. ಮೊದಲು ನಗು, ಅಕ್ಕರೆಯ ನಗು, ಆಮೇಲೆ ಚಪ್ಪಾಳೆ, ಎದ್ದು ನಿಂತು ಚಪ್ಪಾಳೆ, ಒಗುರೊ ಕಣ್ಣೊರೆಸಿಕೊಳ್ಳುತ್ತಿದ್ದಾನೆ, ನೋಡಿ, ಎಂಥಾ ವಿನಯ, ತಾಯಿ ಬೆಳೆಸೋದು ಅಂದ್ರೆ ಹೀಗೆ — ನಿಜ ಹೇಳಿದರೆ ಅದನ್ನೂ ಎತ್ತಿ ಶಿಸ್ತಿನ ತಕ್ಕಡಿಗೆ ಹಾಕಿಕೊಂಡರು, ಇವರ ಮೇಲೆ ಉಗುಳುವುದಕ್ಕೂ ಆಗದು, ಉಗುಳಿದರೂ ಬಾಗಿ ವಂದಿಸಿಯಾರು, ಎಲ್ಲರೂ ತಟ್ಟುತ್ತಿದ್ದಾರೆ, ಹುಡುಗಿಯರೂ ತಟ್ಟುತ್ತಿದ್ದಾರೆ, ತಟ್ಟದವರು ಒಬ್ಬರೇ, ಒಳಹೋಗುವ ಬಾಗಿಲ ಹತ್ತಿರ ಕುವಾಬಾರಾ, ತಂಡದ ಅಂಗಿ ಒಗೆಯುವ ಹೆಂಗಸು, ತಟ್ಟುವುದಾದರೂ ಹೇಗೆ, ಎರಡು ಕೈಯಲ್ಲೂ ಕೊಳೆಬಟ್ಟೆಯ ಬುಟ್ಟಿ, ಒಮ್ಮೆ ಬಟ್ಟೆ ಒಗೆಯುವ ಯಂತ್ರದ ಪಕ್ಕ ಇದೇ ಹೆಂಗಸು ಕೇಳಿದ್ದಳು, ಚೆಂಡು ಬರೋಕ್ ಮುಂಚೆ ಎರಡು ಸಲ ಹಿಂದೆ ತಿರುಗ್ತೀಯಲ್ಲ, ಏನಮ್ಮ ನೋಡ್ತೀಯ, ಯಾರ ಭುಜ ಯಾವ ಕಡೆಗಿದೆ ಅಂತ, ಎಂದು ಶಿಹೊ ಹೇಳಿದ್ದಳು, ಆ ಹೆಂಗಸು ಯಂತ್ರ ನಿಂತ ಮೇಲೂ ಮುಚ್ಚಳ ತೆರೆಯದೆ ಕೇಳಿಸಿಕೊಂಡಿದ್ದಳು, ಈಗ ನಗುತ್ತಿಲ್ಲ, ಅಳುತ್ತಿಲ್ಲ, ಬುಟ್ಟಿಯನ್ನು ಹೊಟ್ಟೆಗೆ ಒತ್ತಿಕೊಂಡು, ಇತ್ತಲೇ ನೋಡುತ್ತಿದ್ದವಳು, ಶಿಹೊಳ ಹಾಗೆಯೇ, ಗದ್ದವನ್ನು ಎಡಭುಜದ ಮೇಲೆ ತಂದಳು, ಆಮೇಲೆ ಬಲಕ್ಕೆ, ಈಗಲೋ ಆಗಲೋ ಚೆಂಡು ಬರಲಿದೆ ಎಂಬಂತೆ — ಟವೆಲು ಸುತ್ತಿದ ಆ ಸುಕ್ಕು ಕತ್ತು, ಎಡಕ್ಕೆ, ಬಲಕ್ಕೆ — ಬುಟ್ಟಿ ಅಲುಗದೆ — ಎಡಕ್ಕೆ, ಬಲಕ್ಕೆ —