ಬಡಿಸುವವಳ ಗುಟುಕು

ಒಂದು ಸಲ ಪಿಟೋ, ಅಂದರೆ ಜೋಳದ ಹೆಂಡ, ಕಾಯಿಸಲು ಅರ್ಧ ಚೀಲ ಕೆಂಪು ಜೋಳ ಬೇಕು, ಬೆಲೆ ಮುನ್ನೂರು ಸೆಡಿ. ಸೌದೆಗೆ ತೊಂಬತ್ತು. ಮೊಳಕೆ ಬರಿಸಿ ಒಣಗಿಸಿದ ಜೋಳವನ್ನು ಗಿರಣಿಯಲ್ಲಿ ಒಡೆಸಲು, ನೀರು ತರಿಸಲು ನಲವತ್ತು. ಇಷ್ಟನ್ನು ನಮ್ಮ ಲಾವ್ರಾ ಊರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಯಾರೂ ಹೇಳದ ಖರ್ಚು ಇನ್ನೊಂದಿದೆ. ಬಂದವರಿಗೆ ಸೋರೆ ಬುರುಡೆ ತುಂಬಿ ಕೊಡುವ ಮೊದಲು ಬಡಿಸುವವಳು ಅದರಿಂದ ಒಂದು ಗುಟುಕು ಕುಡಿಯಬೇಕು. ಪಿಟೋದಲ್ಲಿ ವಿಷವಿಲ್ಲ, ನನ್ನ ಮನಸ್ಸಿನಲ್ಲೂ ಇಲ್ಲ ಎಂದು ತೋರಿಸುವ ರೀತಿ ಅದು. ದಿನಕ್ಕೆ ಎಂಬತ್ತು ಜನ ಬಂದರೆ ಎಂಬತ್ತು ಗುಟುಕು. ಹತ್ತು ಗುಟುಕಿಗೆ ಒಂದು ಬುರುಡೆ. ಸಂಜೆಯೊಳಗೆ ಬಡಿಸುವವಳ ಹೊಟ್ಟೆಗೆ ಎಂಟು ಬುರುಡೆ ಇಳಿದಿರುತ್ತದೆ.

ಮೂವತ್ತೊಂದು ವರ್ಷ ನಾನು ಬಡಿಸಿದ್ದೇನೆ. ನನಗೆ ಮೂರನೆಯ ಬುರುಡೆಗೇ ಕಣ್ಣು ಎಳೆಯುತ್ತಿತ್ತು. ಹಾಗಾಗಿ ಮೊದಲ ವರ್ಷವೇ ಒಂದು ಕಳ್ಳ ವಿದ್ಯೆ ಕಲಿತೆ. ತುಟಿ ಒದ್ದೆ ಮಾಡಿಕೊಂಡು, ಗಂಟಲು ಆಡಿಸಿ, ನುಂಗಿದಂತೆ ತೋರಿಸುವುದು. ಯಾರಿಗೂ ಗೊತ್ತಾಗಲಿಲ್ಲ.

ನನ್ನ ಮಗಳು ಪರ್ಪೆಟ್ವಾಳಿಗೆ ಈ ವಿದ್ಯೆ ಹೇಳಿಕೊಡಲಿಲ್ಲ. ಅವಳಿಗೆ ಬೇಕಾಗಿರಲಿಲ್ಲ. ಎಂಟು ಬುರುಡೆ ಇಳಿದ ಮೇಲೂ ಅವಳು ತಲೆಯ ಮೇಲೆ ನೀರಿನ ಬಾನಿ ಹೊತ್ತು ನೆಟ್ಟಗೆ ನಡೆಯುತ್ತಿದ್ದಳು. "ಅಪ್ಪನ ತಲೆ ಬಂದಿದೆ, ಬಂಡೆ" ಎಂದು ಊರು ಹೊಗಳುತ್ತಿತ್ತು. ಅವಳಪ್ಪನೂ ಒಂದು ದಿನವೂ ತೂರಾಡಿದವನಲ್ಲ. ನಲವತ್ತೆಂಟಕ್ಕೆ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ತೀರಿಕೊಂಡ. ಕುಡಿತದಿಂದ ಹೋದ ಎಂದು ಯಾರೂ ಅನ್ನಲಿಲ್ಲ. ತೂರಾಡದವನು ಕುಡುಕ ಹೇಗಾದಾನು? ಹೊಲದ ಗಡಿಯ ಜಗಳದಲ್ಲಿ ಯಾರೋ ಏನೋ ಮಾಡಿಸಿದರು ಎಂದುಕೊಂಡೆವು.

ಮಂಡಿ ನೋವು ಜಾಸ್ತಿಯಾದ ಮೇಲೆ ಪಿಟೋ ಮನೆಯನ್ನು ಪರ್ಪೆಟ್ವಾಳಿಗೆ ಬಿಟ್ಟುಕೊಡುವುದು ಎಂದು ನಿಶ್ಚಯಿಸಿದೆ. ನಮ್ಮಲ್ಲಿ ಅದಕ್ಕೊಂದು ಕ್ರಮ ಇದೆ. ಸಂತೆಯ ದಿನ, ಗಿರಾಕಿಗಳ ಎದುರಿಗೆ, ಹಳಬಳು ತನ್ನ ಬುರುಡೆಯನ್ನು ಹೊಸಬಳ ಕೈಗಿಡುತ್ತಾಳೆ. ಸೊಸೆ ದೋಮಿತಿಲ್ಲಾಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಲೆಕ್ಕಕ್ಕೆ ಚುರುಕು, ಕೈ ಶುದ್ಧ. ಆದರೆ ಎರಡು ಬುರುಡೆಗೆ ಮುಖ ಕೆಂಪಾಗಿ ಗೋಡೆಗೆ ಒರಗಿಬಿಡುತ್ತಾಳೆ. ಅಂಥವಳು ಎಂಬತ್ತು ಜನಕ್ಕೆ ಬಡಿಸುವುದುಂಟೆ?

ಬುರುಡೆ ಕೊಡಬೇಕಿದ್ದ ಸಂತೆಗೆ ಇನ್ನೂ ಒಂಬತ್ತು ದಿನ ಇದ್ದಾಗ ಡಾಕ್ಟರಮ್ಮ ಡೆರಿ ಬಂದಳು. ನಮ್ಮ ಕಡೆಯವಳೇ, ವಿಶ್ವವಿದ್ಯಾಲಯದಲ್ಲಿ ಕೆಲಸ. ಎರಡು ವರ್ಷದ ಹಿಂದೆ ಪಿಟೋ ಕಾಯಿಸುವ ಮನೆಗಳವರದೆಲ್ಲ ರಕ್ತ ತೆಗೆದುಕೊಂಡು ಹೋಗಿದ್ದಳು. ಏನು ಕಂಡಿತೆಂದು ಹೇಳಲು ಬಂದಿದ್ದಳು. ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತಳು.

"ರಕ್ತದ ಜೀವಕೋಶಾನ ದೂರದ ಲ್ಯಾಬಲ್ಲಿ ಎಳೇ ಸ್ಥಿತಿಗೆ ತಿರುಗಿಸಿ, ಅದರಿಂದ ಮೆದುಳಿನ ಜೀವಕೋಶ ಬೆಳೆಸಿದ್ವಿ. ಆಮೇಲೆ ಅದಕ್ಕೆ ಮದ್ಯ ಹಾಕಿ ನೋಡಿದ್ವಿ."

ಹಳೆಯ ಮೇಷ್ಟ್ರು ಪಾಲಿಕಾರ್ಪ್ ಬುರುಡೆ ಕೆಳಗಿಟ್ಟ. "ಅಂದ್ರೆ ನನ್ನ ಮೆದುಳು ಅಲ್ಲಿ ತಟ್ಟೇಲಿ ಕೂತು ಪುಕ್ಕಟೆ ಕುಡೀತಿದೆ. ನಾನಿಲ್ಲಿ ಕಾಸು ಕೊಟ್ಟು ಕುಡೀತಿದ್ದೀನಿ. ಇದ್ಯಾವ ನ್ಯಾಯ ತಾಯಿ?"

"ನಿಮ್ಮ ಮೆದುಳು ಅಲ್ಲ ಮೇಷ್ಟ್ರೇ. ಸಾಸಿವೆಯಷ್ಟೂ ಇಲ್ಲ."

"ಅಷ್ಟೇ ಇರೋದು ಅವನ ಹತ್ರ" ಎಂದೆ ನಾನು. ಬೆಂಚು ನಕ್ಕಿತು.

ಡಾಕ್ಟರಮ್ಮನೂ ನಕ್ಕು ಮುಂದುವರಿಸಿದಳು. "ಆ ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸ್ತಾ ಇರ್ತವೆ. ಮದ್ಯ ಬಿದ್ದಾಗ ಕೆಲವರದು ಬೇಗ ಮಂಕಾಗ್ತವೆ. ಕೆಲವರದು ಏನೂ ಆಗ್ಲೇ ಇಲ್ಲ ಅನ್ನೋ ಹಾಗೆ ಇರ್ತವೆ. ಮದ್ಯ ಅದೇ, ಅಳತೆ ಅದೇ. ಹುಟ್ಟಿನಿಂದ ಬಂದ ಜೀನುಗಳಲ್ಲಿ ವ್ಯತ್ಯಾಸ. ಒಂದಲ್ಲ, ಎಷ್ಟೋ ಜೀನು ಸೇರಿ ಆಗೋದು."

"ಇದಕ್ಕೆ ರಕ್ತ ಯಾಕಮ್ಮ ಬೇಕಿತ್ತು? ಒಂದು ಮಧ್ಯಾಹ್ನ ಈ ಬೆಂಚಿನ ಮೇಲೆ ಕೂತಿದ್ರೆ ನಾನೇ ತೋರಿಸ್ತಿದ್ದೆ. ಏನೂ ಆಗದೋರು ಗಟ್ಟಿ ಜನ. ನನ್ನ ಮಗಳಂಥೋರು."

ಡಾಕ್ಟರಮ್ಮ ದನಿ ತಗ್ಗಿಸಿದಳು. "ಯಾರ ಕೋಶ ಹೇಗಿದೆ ಅಂತ ಹೆಸರು ಹಿಡಿದು ಹೇಳೋ ಹಾಗಿಲ್ಲ ಅವ್ವ. ಆದ್ರೆ ನೀವು ತಿಳ್ಕೊಂಡಿರೋದು ತಲೆಕೆಳಗು. ಬೇಗ ಮಂಕಾಗೋರಿಗೆ ಮೈಯೇ ಸಾಕು ಅನ್ನತ್ತೆ. ಏನೂ ಆಗದೋರಿಗೆ ಹಾಗೆ ಹೇಳೋರೇ ಇಲ್ಲ. ಕುಡೀತಾ ಹೋಗ್ತಾರೆ. ಲಿವರ್ ಮಾತ್ರ ಪ್ರತಿ ಗುಟುಕಿನ ಲೆಕ್ಕ ಇಟ್ಟಿರತ್ತೆ. ಚಟ ಹತ್ತೋದು ಹೆಚ್ಚಾಗಿ ಅವರಿಗೇ. ಎಲ್ಲರಿಗೂ ಹತ್ತತ್ತೆ ಅಂತಲ್ಲ. ಆದ್ರೆ ಅಪಾಯ ಆ ಕಡೆಗಿದೆ."

ಪಾಲಿಕಾರ್ಪ್ ತನ್ನ ಬುರುಡೆಯನ್ನು ದೂರ ಸರಿಸಿದ. ನನ್ನ ಗಂಡನ ಹೆಣ ಹೊತ್ತವರಲ್ಲಿ ಅವನೂ ಒಬ್ಬ.

ಮಾರನೆಯ ಬೆಳಿಗ್ಗೆಯಿಂದ ನಾನು ಮಗಳ ಮುಖ ಬಿಟ್ಟು ಕೈ ನೋಡತೊಡಗಿದೆ. ಎದ್ದಾಗ ಬೆರಳು ನಡುಗುತ್ತಿದ್ದವು. ಒಲೆ ಹಚ್ಚುವ ಮೊದಲೇ ಹಿಂದಿನ ದಿನ ಉಳಿದದ್ದನ್ನು ಒಂದು ಬುರುಡೆ ಕುಡಿಯುತ್ತಿದ್ದಳು. ಆಮೇಲೆ ನಡುಕ ನಿಲ್ಲುತ್ತಿತ್ತು. ಇದು ಎಷ್ಟು ತಿಂಗಳಿಂದ ನಡೆದಿತ್ತೋ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಡಾಕ್ಟರಮ್ಮ ಬಂದು ಹೋದ ಮೂರನೆಯ ದಿನ, ಜೋಳ ತಿರುವುತ್ತಿದ್ದಾಗ, ಎದ್ದ ಕೂಡಲೇ ಯಾಕೆ ಕುಡಿಯುತ್ತೀ ಎಂದು ಕೇಳಿಯೇಬಿಟ್ಟೆ.

"ನಿನ್ನ ಪಿಟೋ ಕುಡಿದು ನಾನು ಒಂದಿನಾದ್ರೂ ತೂರಾಡಿದ್ದೀನಾ ಅವ್ವ?" ಅಂದಳು.

"ಇಲ್ಲ. ಅದಕ್ಕೇ ಹೆದರಿಕೆ."

"ಆ ಡಾಕ್ಟರು ಬಂದು ಹೋದಾಗಿಂದ ನಿನಗೆ ತಲೆ ಕೆಟ್ಟಿದೆ. ನನಗೆ ಬಡಿಸೋ ಕೆಲಸ ಹಚ್ಚಿದ್ದು ಯಾರು?"

"ನಾನೇ. ಆರು ದಿನ ಕುಡಿಯೋದು ಬಿಟ್ಟು ತೋರ್ಸು, ಸಂತೆವರೆಗೆ. ಬುರುಡೆ ನಿನ್ನ ಕೈಗೆ ಕೊಡ್ತೀನಿ."

"ಆರಲ್ಲ, ಅರವತ್ತು ದಿನ ಬಿಡ್ತೀನಿ, ನೋಡ್ತಿರು."

ಅವಳನ್ನು ಬಡಿಸಲು ಹಚ್ಚಿದ್ದು ನಾನು ಮಾಡಿದ ಮೊದಲ ತಪ್ಪು, ಇದು ಎರಡನೆಯದು. ಎರಡನೆಯ ದಿನವೇ ಅವಳಿಗೆ ಜರಡಿ ಹಿಡಿಯಲಾಗಲಿಲ್ಲ. ಮೈಯೆಲ್ಲ ಬೆವರು. ಮಧ್ಯಾಹ್ನದ ಹೊತ್ತಿಗೆ ಇಲ್ಲದ ಕೋಳಿಯನ್ನು ಅಂಗಳದಿಂದ ಓಡಿಸತೊಡಗಿದಳು. ದೋಮಿತಿಲ್ಲಾ ಓಡಿಹೋಗಿ ಮೂರು ಗಾಲಿಯ ಮೋಟಾರು ಗಾಡಿ ಕರೆತಂದಳು. ಆಸ್ಪತ್ರೆಯ ನರ್ಸು ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಇಷ್ಟು ಕುಡಿದ ಮೈಗೆ ದಿಢೀರಂತ ನಿಲ್ಲಿಸ್ತಾರಾ? ಮೊದಲು ಇಲ್ಲಿಗೆ ಕರ್ಕೊಂಡು ಬರಬೇಕು. ಫಿಟ್ಸ್ ಬಂದು ಪ್ರಾಣ ಹೋಗತ್ತೆ, ಗೊತ್ತಾ?"

"ಗೊತ್ತಿರಲಿಲ್ಲ ತಾಯಿ. ನಮ್ಮಲ್ಲಿ ಇವಳದ್ದು ಕುಡಿತ ಅಂತಲೇ ಗೊತ್ತಿರಲಿಲ್ಲ."

ಐದು ದಿನ ಅಲ್ಲಿದ್ದಳು. ಪಕ್ಕದಲ್ಲಿ ಚಾಪೆ ಹಾಕಿಕೊಂಡು ನಾನೂ ಇದ್ದೆ. ಬುರುಡೆ ಅವಳಿಗೆ ಕೊಟ್ಟರೆ ಐದು ವರ್ಷದಲ್ಲಿ ಅಪ್ಪನ ಪಕ್ಕದಲ್ಲಿ ಮಲಗಿಸಬೇಕಾಗುತ್ತದೆ. ಕೊಡದಿದ್ದರೆ ಅವಳು ನನ್ನ ಮುಖ ನೋಡುವುದಿಲ್ಲ. ನನ್ನ ಕಳ್ಳ ವಿದ್ಯೆ ಈಗ ಕಲಿಸಿದರೂ ತುಟಿಗೆ ತಾಗಿದ್ದನ್ನು ಅವಳು ನುಂಗದೆ ಬಿಡಲಾರಳು. ಬೇರೆ ದಾರಿ ಹುಡುಕಿದೆ, ಕಾಣಲಿಲ್ಲ.

ಸಂತೆಯ ದಿನ ಎಲ್ಲರೂ ಸೇರಿದರು. ಪರ್ಪೆಟ್ವಾ ಬಾಗಿಲ ಬಳಿ ನಿಂತಿದ್ದಳು, ಒಗೆದ ಬಟ್ಟೆ ಉಟ್ಟು. ನಾನು ಬುರುಡೆಯನ್ನು ದೋಮಿತಿಲ್ಲಾಳ ಕೈಗಿಟ್ಟೆ.

"ಆ ನಿದ್ದೆಗಣ್ಣಿಗಾ?" ಎಂದು ಹಿಂದಿನಿಂದ ಯಾರೋ ಕೂಗಿದರು. "ನಮಗೆ ಬಡಿಸಿ ನಮಗಿಂತ ಮೊದಲು ಮಲಗ್ತಾಳೆ!"

"ಮಲಗಲ್ಲ" ಎಂದೆ. "ಇವತ್ತಿನಿಂದ ಈ ಮನೇಲಿ ಬಡಿಸೋಳು ನುಂಗಲ್ಲ. ತುಟಿ ಮಾತ್ರ ಒದ್ದೆ ಮಾಡ್ತಾಳೆ. ವಿಷ ಇದ್ರೆ ತುಟಿಗೂ ತಾಗತ್ತೆ."

"ಬಡಿಸೋಳು ಕುಡೀದ ಪಿಟೋ ನಾವು ಯಾಕೆ ಕುಡೀಬೇಕು?"

"ಮೂವತ್ತೊಂದು ವರ್ಷ ಕುಡಿದಿದ್ದೀರಲ್ಲಪ್ಪ. ಮೊದಲ ವರ್ಷ ಬಿಟ್ರೆ ನಾನು ಒಂದು ದಿನಾನೂ ಪೂರಾ ನುಂಗಿಲ್ಲ. ನಿಮಗೆಲ್ಲ ಮೋಸ ಮಾಡಿದೆ. ಮಗಳಿಗೆ ಮಾತ್ರ ಆ ಮೋಸ ಹೇಳಿಕೊಡಲಿಲ್ಲ."

ಪರ್ಪೆಟ್ವಾ ನನ್ನನ್ನೇ ನೋಡಿದಳು, ಒಳಗೆ ಹೋದಳು. ಪಾಲಿಕಾರ್ಪ್ ಮೇಷ್ಟ್ರು ಮುಂದೆ ಬಂದು ಕೈ ಚಾಚಿದ. "ತಾರಮ್ಮ ಸೊಸೆ. ನಿನ್ನ ಅತ್ತೆ ಸುಳ್ಳಿ, ಆದ್ರೆ ಅವಳ ಪಿಟೋಗೆ ಯಾರೂ ಸತ್ತಿಲ್ಲ" ಎಂದವನು ಅಲ್ಲೇ ತಡೆದ. ಏನಂದೆನೆಂದು ಅವನಿಗೆ ಹೊಳೆದಿತ್ತು. ಬುರುಡೆ ಎತ್ತಿ ಕುಡಿದ.

ಇದಾಗಿ ಒಂದೂವರೆ ವರ್ಷ. ಹಳಬರಲ್ಲಿ ಕಾಲು ಭಾಗ ನಮ್ಮನ್ನು ಬಿಟ್ಟು ಗಿರಣಿಯ ಹಿಂದಿನ ಪಿಟೋ ಮನೆಗೆ ಹೋದರು, ಹಿಂದಿರುಗಲಿಲ್ಲ. ಪರ್ಪೆಟ್ವಾ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಬರುತ್ತಾಳೆ, ಸಂತೆಯಲ್ಲಿ ಮೊಳಕೆ ಜೋಳ ಮಾರುತ್ತಾಳೆ. ಎರಡು ಸಾವಿನ ಮನೆಗಳಲ್ಲಿ ಕುಡಿದಳು, ಮತ್ತೆ ನಿಲ್ಲಿಸಿದಳು. ಬೆಳಿಗ್ಗೆ ಅವಳ ಕೈ ನಡುಗುವುದಿಲ್ಲ. ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ, ಮೊದಲಿನ ಹಾಗೆ ಅಲ್ಲ.